ಕಷಾಯಕ್ಕೆ ಬೇಕಾದ ಕಲ್ಲು

ನನ್ನ ಮೇಜಿನ ಮೇಲೆ ಒಂದು ಬೆಣಚುಕಲ್ಲು ಇದೆ. ಕೋಳಿಮೊಟ್ಟೆಗಿಂತ ತುಸು ದೊಡ್ಡದು. ಬಿಳಿ ಬಣ್ಣ, ಒಂದು ಮಗ್ಗುಲು ಮಾತ್ರ ಹೊಗೆ ಕುಡಿದು ಕಪ್ಪಾಗಿದೆ. ಮನೆಗೆ ಬಂದವರು ಅದನ್ನು ಕೈಗೆತ್ತಿಕೊಂಡು ತೂಗಿ ನೋಡಿ, "ಎಲ್ಲಿಂದ ತಂದದ್ದು? ಯಾತ್ರೆಗೆ ಹೋದಲ್ಲಿಂದಲಾ?" ಎಂದು ಕೇಳುವುದುಂಟು. ಯಾವ ಯಾತ್ರೆಯೂ ಅಲ್ಲ, ನಮ್ಮ ಅಡುಗೆಮನೆಯಿಂದ. ಅಮ್ಮನ ಉಪ್ಪಿನಕಾಯಿ ಭರಣಿಯ ಹಿಂದೆ ಕೂತಿದ್ದ ಕಲ್ಲು ಅದು. ಬೇಸಗೆಯಲ್ಲಿ ಒಂದು ದಿನ ಫ್ಯಾನಿನ ಗಾಳಿಗೆ ನನ್ನ ಕಾಗದಗಳೆಲ್ಲ ಕೋಣೆ ತುಂಬ ಹಾರಾಡಿದಾಗ, ಯಾರನ್ನೂ ಕೇಳದೆ ತಂದು ಅವುಗಳ ಮೇಲೆ ಹೇರಿದೆ. ಆಮೇಲೆ ಮರೆತೇಬಿಟ್ಟೆ.

ಆ ಕಾಗದಗಳ ವಿಷಯವನ್ನೂ ಹೇಳಬೇಕು. ನಾನು ಕಾಲೇಜಿನಲ್ಲಿ ವಾಣಿಜ್ಯ ಕಲಿಸುವವನು. ದುಡ್ಡಿನ ವಿಷಯಕ್ಕೆ ಬಂದಾಗ ಬುದ್ಧಿವಂತರೂ ಯಾಕೆ ಎಡವುತ್ತಾರೆ, ತೀರ್ಮಾನ ಮಾಡುವಾಗ ಮನಸ್ಸು ಯಾವ ಯಾವ ಒಳದಾರಿ ಹಿಡಿಯುತ್ತದೆ ಎನ್ನುವುದರ ಬಗ್ಗೆ ಈಗ ಜಗತ್ತಿನಲ್ಲಿ ರಾಶಿ ರಾಶಿ ಸಂಶೋಧನೆ ನಡೆಯುತ್ತಿದೆ. ಅದರಲ್ಲಿ ಇತ್ತೀಚಿನ ಒಲವುಗಳು ಯಾವುವು ಎಂದು ಒಂದು ವಿಚಾರಗೋಷ್ಠಿಗೆ ಪ್ರಬಂಧ ಬರೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದೆ. ಒಪ್ಪಿಕೊಳ್ಳುವಾಗ ಎರಡು ವಾರದ ಕೆಲಸ ಅನ್ನಿಸಿತ್ತು. ಯಾವ ಕೆಲಸವನ್ನಾದರೂ ಅದು ನಿಜವಾಗಿ ಹಿಡಿಯುವ ಸಮಯಕ್ಕಿಂತ ಬೇಗ ಮುಗಿಸುತ್ತೇವೆಂದು ನಂಬುವುದೂ ಆ ಎಡವಟ್ಟುಗಳಲ್ಲಿ ಒಂದು ಎಂದು ಮೂರನೆಯ ತಿಂಗಳಲ್ಲಿ ಓದಿದೆ.

"ಎಂತ ಓದುವುದು ಮಾರಾಯ ಇಷ್ಟು?" ಎಂದು ಅಮ್ಮ ಒಮ್ಮೆ ಕೇಳಿದ್ದಳು. ನಮ್ಮ ಮನೆಮಾತು ತುಳು. ಇಲ್ಲಿ ಎಲ್ಲರ ಬಾಯಲ್ಲೂ ನಾನೇ ಕನ್ನಡ ಆಡಿಸುತ್ತಿದ್ದೇನೆ.

"ದುಡ್ಡಿನ ವಿಷಯದಲ್ಲಿ ಜನ ಯಾಕೆ ತಪ್ಪು ಮಾಡ್ತಾರೆ ಅಂತ."

"ಅದಕ್ಕೆ ಓದ್ಲಿಕ್ಕೆ ಎಂತ ಉಂಟು? ಸುಂದರನನ್ನು ಕೇಳಿದ್ರೆ ಆಯ್ತಲ್ಲ."

ಸುಂದರ ಎಂದರೆ ಅಮ್ಮನ ತಮ್ಮ, ನನ್ನ ಸೋದರಮಾವ. ಗಲ್ಫಿನಲ್ಲಿ ಒಂದು ಹೋಟೆಲಿನ ಉಗ್ರಾಣ ನೋಡಿಕೊಂಡಿದ್ದು, ಈಗ ಊರಿಗೆ ಬಂದು ಬಿಜೈಯಲ್ಲಿ ಫ್ಲಾಟ್ ಮಾಡಿಕೊಂಡಿದ್ದಾನೆ. ಮದುವೆಯಾಗಿಲ್ಲ. ನಮ್ಮ ಕಡೆ ಸೋದರಮಾವನ ಮಾತೆಂದರೆ ಅಪ್ಪನ ಮಾತಿಗಿಂತ ಒಂದು ತೂಕ ಜಾಸ್ತಿ. ಅಪ್ಪ ಬೇಗ ತೀರಿಕೊಂಡ ನಮ್ಮ ಮನೆಯಲ್ಲಂತೂ ಎರಡೂ ತೂಕ ಅವನದ್ದೇ. ನಾನು ಯಾವ ಕಾಲೇಜಿಗೆ ಸೇರಬೇಕು, ಕುಲಶೇಖರದ ಈ ಮನೆಗೆ ಯಾವ ಬಣ್ಣ ಹೊಡೆಸಬೇಕು, ಬೂತಾಯಿ ಮೀನನ್ನು ಯಾವ ವಾರದಲ್ಲಿ ತಿನ್ನಬಾರದು, ಎಲ್ಲವೂ ಅವನಿಗೆ ಗೊತ್ತು. "ನನಗೆ ಗೊತ್ತುಂಟು" ಎನ್ನುವುದು ಅವನ ಬಾಯಿಂದ ಸರಾಗವಾಗಿ ಬರುವ ಮಾತು. ಅದನ್ನು ಹೇಳುವಾಗ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತಾನೆ, ಗೊತ್ತಿದ್ದದ್ದು ಕಣ್ಣಿನಿಂದ ಸೋರಿಹೋಗದಿರಲಿ ಎಂಬಂತೆ.

ಅವನ ಹತ್ತಿರ ಒಂದು ಕಂಪೆನಿಯ ಷೇರು ಉಂಟು. ಯಾವುದೋ ಕಾಲದಲ್ಲಿ ಅದು ಗಗನಕ್ಕೇರಿತ್ತು, ಆಗ ಕೊಂಡದ್ದು. ಆಮೇಲೆ ಅದು ಇಳಿಯುತ್ತಲೇ ಹೋಗಿ ಈಗ ನೆಲ ಕಚ್ಚಿಕೊಂಡಿದೆ. ಮಾರು ಎಂದರೆ ಮಾರುವುದಿಲ್ಲ. "ಕೊಂಡ ರೇಟಿಗೆ ಒಮ್ಮೆ ಬರ್ಲಿ, ಅದೇ ದಿನ ಮಾರ್ತೇನೆ" ಎನ್ನುತ್ತಾನೆ. ಈ ರೋಗಕ್ಕೆ ನನ್ನ ಕಾಗದಗಳಲ್ಲಿ ಚಂದದ ಹೆಸರಿದೆ. ನಷ್ಟ ಎನ್ನುವುದು ಮಾರುವ ತನಕ ನಷ್ಟವಲ್ಲ, ಬರೇ ಬೇಜಾರು. ಹಾಗಾಗಿ ಮನುಷ್ಯ ಬೇಜಾರನ್ನು ಸಾಕಿಕೊಂಡಿರುತ್ತಾನೆಯೇ ಹೊರತು ನಷ್ಟವನ್ನು ಒಪ್ಪುವುದಿಲ್ಲ. ಇದನ್ನು ಮಾವನಿಗೆ ವಿವರಿಸಿದರೆ, "ನಿಂಗೆ ಪುಸ್ತಕದ್ದು ಗೊತ್ತು, ನಂಗೆ ಮಾರ್ಕೆಟ್ ಗೊತ್ತುಂಟು" ಎಂದು ಕಣ್ಣು ಅರ್ಧ ಮುಚ್ಚಿದ.

ನಾನೇನು ಕಡಿಮೆಯೆಂದಲ್ಲ. ಸಣ್ಣವನಿರುವಾಗ ಗೇರುಬೀಜ ಸಾಲಾಗಿಟ್ಟು ದೂರದಿಂದ ಗುರಿಯಿಟ್ಟು ಹೊಡೆಯುವ ಆಟ ಆಡುತ್ತಿದ್ದೆವು. ಹೊಡೆಯಲಿಕ್ಕೆ ದೊಡ್ಡ ಬೀಜ ಬೇಕು. ನನಗೊಂದು ದೊಡ್ಡದನ್ನು ಕೊಟ್ಟವನು ಇದೇ ಮಾವ, ಅವನಿನ್ನೂ ವಿಮಾನ ಹತ್ತದಿದ್ದ ಕಾಲದಲ್ಲಿ. ನೆರೆಮನೆಯ ಹುಡುಗ ಅದಕ್ಕೆ ಬದಲಾಗಿ ಚಡ್ಡಿಜೇಬು ತುಂಬ ಬೀಜ ಕೊಡುತ್ತೇನೆಂದ. ನಾನು ಕೊಡಲಿಲ್ಲ. ಆಟದಲ್ಲಿ ಹೊಡೆದರೆ ಸವೆದೀತೆಂದು ಆಡಲಿಕ್ಕೂ ತೆಗೆಯಲಿಲ್ಲ. ಕಂಪಾಸ್ ಬಾಕ್ಸಿನಲ್ಲಿಟ್ಟು ದಿನಾ ನೋಡಿಕೊಂಡೆ. ಮಳೆಗಾಲದಲ್ಲಿ ಒಂದು ದಿನ ಬೀಜದಲ್ಲೊಂದು ತೂತು, ತೂತಿನಿಂದ ಹೊರಗೆ ಒಂದು ಹುಳದ ತಲೆ. ತನ್ನದಾದ ಮಾತ್ರಕ್ಕೆ ವಸ್ತುವಿಗೆ ಬೆಲೆ ಏರುತ್ತದೆ ಎಂದು ಈಗ ತರಗತಿಯಲ್ಲಿ ಹೇಳುವಾಗೆಲ್ಲ ನನಗೆ ಆ ಹುಳ ನೆನಪಾಗುತ್ತದೆ. ಅದೊಂದೇ ಆ ವ್ಯವಹಾರದಲ್ಲಿ ಲಾಭ ಮಾಡಿಕೊಂಡದ್ದು.

ಮಳೆಗಾಲ ಎಂದೆನಲ್ಲ, ನಮ್ಮಲ್ಲಿ ಆಟಿ ತಿಂಗಳು ಬಂತೆಂದರೆ ಹೊಸತೇನೂ ಮಾಡುವಂತಿಲ್ಲ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಬಟ್ಟೆ ಇಲ್ಲ. ಪೇಟೆಯ ಬಟ್ಟೆ ಅಂಗಡಿಗಳಿಗೆ ಇದು ಗೊತ್ತು. ಅದಕ್ಕೇ ಆಟಿಯಲ್ಲಿ ಭಾರೀ ರಿಯಾಯಿತಿಯ ಬೋರ್ಡು ಹಾಕುತ್ತಾರೆ. ನನ್ನ ಹೆಂಡತಿ ವಿನಯಾ ಆ ರಿಯಾಯಿತಿಯಲ್ಲಿ ಸೀರೆ ತಂದು ಕಪಾಟಿನ ತಳದಲ್ಲಿ ಅಡಗಿಸಿಟ್ಟು, ಆಟಿ ಕಳೆದ ಮೇಲೆ "ಈಗ ತಂದದ್ದು" ಎಂದು ಉಡುತ್ತಾಳೆ. "ಪೂರ್ತಿ ದುಡ್ಡು ಕೊಟ್ಟು ತಂದೆಯಾ?" ಎಂದು ಅಮ್ಮ ಬೈಯುತ್ತಾಳೆ. ವಿನಯಾ ಬೈಸಿಕೊಳ್ಳುತ್ತಾಳೆ. ಇಬ್ಬರಿಗೂ ನಿಜ ಗೊತ್ತು, ಇಬ್ಬರಿಗೂ ಸಂತೋಷ. ಇದಕ್ಕೆ ನನ್ನ ಕಾಗದಗಳಲ್ಲಿ ಇನ್ನೂ ಹೆಸರು ಸಿಕ್ಕಿಲ್ಲ.

ಆಟಿಯ ಅಮಾವಾಸ್ಯೆಯ ದಿನ ಬೆಳಗ್ಗೆ ಪಾಲೆಮರದ ಕಷಾಯ. ಸೂರ್ಯ ಹುಟ್ಟುವ ಮೊದಲು ಮರದ ಹತ್ತಿರ ಹೋಗಿ, ಕತ್ತಿ ಮುಟ್ಟಿಸದೆ, ಕಲ್ಲಿನಿಂದಲೇ ಜಜ್ಜಿ ತೊಗಟೆ ತೆಗೆಯಬೇಕು. ಅದನ್ನು ಬೆಳ್ಳುಳ್ಳಿ, ಓಮ, ಒಳ್ಳೆಮೆಣಸಿನ ಜೊತೆ ಅರೆದು ರಸ ಹಿಂಡಿ, ಬೆಣಚುಕಲ್ಲೊಂದನ್ನು ಕೆಂಡದಂತೆ ಕಾಯಿಸಿ ಅದರಲ್ಲಿ ಮುಳುಗಿಸಿ, ಬರಿ ಹೊಟ್ಟೆಗೆ ಕುಡಿಯಬೇಕು. ಆ ದಿನ ಆ ಮರದಲ್ಲಿ ಇಲ್ಲದ ಔಷಧಿಯೇ ಇಲ್ಲವಂತೆ. ಕಹಿಯೆಂದರೆ ಅಂಥಿಂಥ ಕಹಿಯಲ್ಲ, ಕಿವಿಯ ಹಿಂದಿನ ತನಕ ಹೋಗುವ ಕಹಿ. ಮೈ ಹೀಟ್ ಆಗುತ್ತದೆಂದು ಆಮೇಲೆ ಮೆಂತೆಯ ಗಂಜಿ. ನಾವು ಮಕ್ಕಳು ಗಂಜಿಯ ಆಸೆಗೆ ಕಷಾಯ ಕುಡಿದವರು. ಕುಡಿದವರು ಎಂದರೆ, ಬಾಯಲ್ಲಿಟ್ಟುಕೊಂಡು ಹಿತ್ತಲಿಗೆ ಓಡಿ ಗೋರಂಟಿ ಬುಡಕ್ಕೆ ಉಗುಳಿದವರು. ಆ ಗೋರಂಟಿಗೆ ಜನ್ಮದಲ್ಲಿ ಒಂದು ರೋಗ ಬರಲಿಲ್ಲ.

ತೊಗಟೆ ತರುವ ಗಂಡಸು ಬತ್ತಲೆಯಾಗಿ ಹೋಗಬೇಕೆಂಬುದು ಹಳೆಯ ಕ್ರಮ. ನಮ್ಮಜ್ಜ ಹಾಗೇ ಹೋಗುತ್ತಿದ್ದನಂತೆ. "ನೀನೂ ಹಾಗೇ ಹೋಗ್ತೀಯಾ ಸುಂದರ?" ಎಂದು ಅಮ್ಮ ಪ್ರತಿವರ್ಷ ತಮ್ಮನನ್ನು ಕೆಣಕುತ್ತಾಳೆ. "ಕಂಬಕ್ಕೊಂದು ಕ್ಯಾಮೆರಾ ಇಟ್ಟಿದ್ದಾರೆ ಅಕ್ಕ. ಮರ್ಯಾದೆಯಲ್ಲಿ ಲುಂಗಿ ಉಟ್ಟು ಹೋಗ್ತೇನೆ" ಎನ್ನುತ್ತಾನೆ ಮಾವ.

ಈ ವರ್ಷವೂ ಅದೇ ಮಾತಾಯಿತು. ಕಷಾಯದ ಹಿಂದಿನ ಸಂಜೆ ಮರವನ್ನು ನೋಡಿ, ಅದಕ್ಕೊಂದು ನೂಲು ಕಟ್ಟಿ ಬರುವುದು ಪದ್ಧತಿ. ಆ ಸಂಜೆ ಮಳೆ ಹೇಗೆ ಹೊಡೆಯಿತೆಂದರೆ ಮಾವ ಬಿಜೈಯಿಂದ ಹೊರಡಲೇ ಇಲ್ಲ. ಫೋನು ಮಾಡಿ, "ನೂಲು ಎಂತದಕ್ಕೆ? ಆ ಗೋಡೆಯಿಂದ ಮೂರನೇ ಮರ. ಕಣ್ಣು ಕಟ್ಟಿ ಬಿಟ್ರೂ ಹೋಗ್ತೇನೆ, ನನಗೆ ಗೊತ್ತುಂಟು" ಎಂದ. ನಮ್ಮ ಮನೆಯ ಹಿಂದಿನ ಏರಿನಲ್ಲಿ ಯಾರೋ ಮನೆ ಕಟ್ಟದೆ ಬಿಟ್ಟ ಜಾಗವಿದೆ. ಅದರ ಕೆಂಪುಕಲ್ಲಿನ ಗೋಡೆ ಮುಗಿದಲ್ಲಿಂದ ಮರಗಳ ಸಾಲು. ವರ್ಷ ವರ್ಷವೂ ಮೂರನೆಯದ್ದೇ ನಮ್ಮ ಪಾಲೆ.

ಬೆಳಕು ಹರಿಯುವ ಮೊದಲೇ ಮಾವ ಸ್ಕೂಟರಿನಲ್ಲಿ ಬಂದ. ನಾನು ಕೊಡೆ ಮತ್ತು ಟಾರ್ಚು ಹಿಡಿದು ಹಿಂದೆ ಹೋದೆ. ಮಳೆ ಸುರಿಯುತ್ತಲೇ ಇತ್ತು. ಗೋಡೆ ಮುಗಿದಲ್ಲಿಂದ ಮಾವ ಕೈಯಿಂದಲೇ ಮರಗಳನ್ನು ತಟ್ಟುತ್ತ ಎಣಿಸಿ, ಮೂರನೆಯದರ ಮುಂದೆ ನಿಂತು ಕೈಮುಗಿದು, ಕಲ್ಲಿನಿಂದ ಜಜ್ಜತೊಡಗಿದ. ನಾನು ಟಾರ್ಚಿನ ಬೆಳಕು ಬಿಟ್ಟೆ. ತೊಗಟೆ ಎದ್ದಿತು, ಅಡಿಯಲ್ಲಿ ಹಸಿ ಮರ ಹೊಳೆಯಿತು. ಪಾಲೆಯ ಮೈ ಗೀರಿದರೆ ಹಾಲು ಬರುತ್ತದೆ. ಹಾಗಂತ ಗೊತ್ತಿಲ್ಲದ ಮಗು ನಮ್ಮ ಊರಲ್ಲಿಲ್ಲ.

"ಮಾವ, ಹಾಲು ಕಾಣುವುದಿಲ್ಲ?"

"ಈ ಮಳೆಗೆ ಹಾಲು ನಿಲ್ತದಾ ಮಾರಾಯ? ತೊಳೆದು ಹೋಗ್ತದೆ."

"ಹೌದು ಅಲ್ವಾ" ಎಂದೆ.

ಅಷ್ಟೇ. ಆ "ಹೌದು ಅಲ್ವಾ" ಈಗಲೂ ನನ್ನ ಕಿವಿಯಲ್ಲಿ ಕೂತಿದೆ. ಮನುಷ್ಯನಿಗೆ ಮೊದಲು ನಂಬಿಕೆ ಹುಟ್ಟುತ್ತದೆ, ಕಾರಣಗಳು ಆಮೇಲೆ ಒಂದೊಂದಾಗಿ ಬಂದು ಸೇರುತ್ತವೆ, ನಂಬಿಕೆಗೆ ಒಗ್ಗದ್ದನ್ನು ಕಣ್ಣು ಕಂಡರೂ ಮನಸ್ಸು ಕಾಣುವುದಿಲ್ಲ. ಇದನ್ನು ನಾನು ಹಿಂದಿನ ವಾರವಷ್ಟೇ ಪಾಠ ಮಾಡಿದ್ದೆ. ಹಿಂದಿನ ಬೆಂಚಿನವರಿಗೂ ಅರ್ಥವಾಗುವ ಹಾಗೆ ಮಾಡಿದ್ದೆ.

ಮನೆಗೆ ಬಂದೆವು. ವಿನಯಾ ತೊಗಟೆಯನ್ನು ತೊಳೆದು ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಹಿಂಡಿ, ಲೋಟಗಳಿಗೆ ಬಗ್ಗಿಸಿ ಮೇಜಿನ ಮೇಲಿಟ್ಟಳು. ಎಲ್ಲರದ್ದು ಸ್ಟೀಲಿನ ಲೋಟ. ನಮ್ಮ ಮಗಳು ಚಿನ್ನುವಿಗೆ ಮಾತ್ರ ಲೋಟದ ಪಕ್ಕದಲ್ಲಿ ಒಂದು ಚಮಚ. ಇಷ್ಟು ವರ್ಷ ಸಣ್ಣವಳೆಂದು ಬಿಟ್ಟಿದ್ದೆವು. ಈ ಸಲ ಅವಳಿಗೂ ಒಂದು ಚಮಚ ಎಂದು ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ಎಲ್ಲರೂ, ಚಿನ್ನುವಿನ ಹೊರತು.

ಮಾವ ಬೆರಳದ್ದಿ ನಾಲಿಗೆಯ ತುದಿಗೆ ಮುಟ್ಟಿಸಿ ಮುಖ ಕಿವುಚಿದ. "ಭಯಂಕರ ಕಹಿ! ಈ ಸಲ ಮದ್ದು ಗಟ್ಟಿ ಉಂಟು."

ಕಹಿ ಹೆಚ್ಚಿದಷ್ಟೂ ನಮಗೆ ಧೈರ್ಯ ಹೆಚ್ಚಿತು.

ಅಮ್ಮ ಸ್ನಾನ ಮುಗಿಸಿ ದೇವರಿಗೆ ದೀಪವಿಟ್ಟು ಬಂದು ಭರಣಿಯ ಹಿಂದೆ ಕೈ ಹಾಕಿದಳು. "ಕಲ್ಲು ಎಲ್ಲಿ?"

ಕಲ್ಲು ಇರಲಿಲ್ಲ.

"ಒಂದು ವರ್ಷ ಕಲ್ಲಿಲ್ಲದಿದ್ರೆ ಎಂತ ಆಗ್ತದೆ ಅಕ್ಕ? ಮದ್ದು ಇರುವುದು ಕೆತ್ತೆಯಲ್ಲಿ, ಕಲ್ಲಲ್ಲಿ ಅಲ್ಲ" ಎಂದ ಮಾವ, ತೊಗಟೆಯ ಪುಡಿ ಅಂಟಿದ ಕೈಯನ್ನು ಲುಂಗಿಗೆ ಒರಸುತ್ತ.

"ಕಲ್ಲು ಬೀಳದ ಕಷಾಯ ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಹುಡುಕಿ."

"ಹೊರಗೆ ರಸ್ತೆಬದಿಯಲ್ಲಿ ಎಷ್ಟೂ ಬಿಳಿಕಲ್ಲು ಉಂಟಲ್ಲ ಅತ್ತೆ" ಎಂದಳು ವಿನಯಾ.

"ಅದು ಇದಾ? ಇದು ನನ್ನ ಅಮ್ಮ ಕೊಟ್ಟದ್ದು."

ನಾನು ಮನಸ್ಸಿನಲ್ಲೇ ನಕ್ಕೆ. ಇದ್ದದ್ದು ಇದ್ದ ಹಾಗೇ ಇರಲಿ ಎಂಬ ಹಟ, ತನ್ನದೆಂಬ ಕಾರಣಕ್ಕೆ ಬೆಲೆ ಕಟ್ಟುವ ಚಾಳಿ, ಎರಡೂ ಒಂದೇ ಮುದುಕಿಯಲ್ಲಿ! ನನ್ನ ಪ್ರಬಂಧಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ ಎಂದುಕೊಂಡು ಅಡುಗೆಮನೆಯ ಕಪಾಟುಗಳನ್ನು ತಡಕಾಡಿದೆ. ಮಾವ ಸ್ಟೂಲು ಹತ್ತಿ ಅಟ್ಟ ನೋಡಿದ. ಅಕ್ಕಿಡಬ್ಬದೊಳಗೆ ನೋಡಿದೆವು. ಕಲ್ಲು ಅಕ್ಕಿಡಬ್ಬದೊಳಗೆ ಯಾಕಿರುತ್ತದೆ ಎಂದು ಕೇಳಬೇಡಿ, ಹುಡುಕುವವರಿಗೆ ತರ್ಕವಿರುವುದಿಲ್ಲ.

"ಸೂರ್ಯ ಬಂದ್ರೆ ಕುಡಿಯುವ ಹಾಗಿಲ್ಲ ಅಕ್ಕ, ಮತ್ತೆ ಎಲ್ಲ ವೇಸ್ಟ್" ಎಂದು ಮಾವ ಸ್ಟೂಲಿನಿಂದ ಇಳಿದು ತನ್ನ ಲೋಟ ಎತ್ತಿದ.

"ಇಡು ಕೆಳಗೆ! ದೊಡ್ಡವಳು ನಾನಾ, ನೀನಾ?"

ಮೊದಲು ಮನೆಯ ಹಿರಿಯರು ಕುಡಿಯಬೇಕು, ಆಮೇಲೆ ಉಳಿದವರು. ಮಾವ ಲೋಟ ಇಟ್ಟ. ಅರುವತ್ತು ದಾಟಿದ ಮನುಷ್ಯ ಅಕ್ಕನ ಮುಂದೆ ಗೇರುಬೀಜ ಕದ್ದ ಹುಡುಗನ ಹಾಗೆ ನಿಂತ.

ಅಷ್ಟರಲ್ಲಿ ಅದು ನಡೆಯಿತು. ಅರೆನಿದ್ದೆಯಲ್ಲಿ ಎಬ್ಬಿಸಿ ತಂದ ಚಿನ್ನು ಕುರ್ಚಿಯಲ್ಲಿ ಕೂತು ತೂಕಡಿಸುತ್ತಿದ್ದಳು. ಇವರ ಕಲ್ಲಿನ ಗಲಾಟೆ ಮುಗಿಯುವುದಲ್ಲ ಎಂದುಕೊಂಡ ವಿನಯಾ, "ಮಗುವಿಗೆ ಒಂದು ಚಮಚ ಕೊಟ್ಟು ಮಲಗಿಸ್ತೇನೆ. ಬಾ ಚಿನ್ನು, ಮೂಗು ಹಿಡಿ" ಎಂದು ಚಮಚ ತುಂಬಿಸಿದಳು. ಚಿನ್ನು ಮೂಗು ಹಿಡಿದಳು. ಕಣ್ಣು ಗಟ್ಟಿಯಾಗಿ ಮುಚ್ಚಿದಳು. ಬಾಯಿ ದೊಡ್ಡದಾಗಿ ತೆರೆದಳು. ಹಲ್ಲು ಬಿದ್ದ ಜಾಗ ಕಾಣುತ್ತಿತ್ತು. ನಾನು ಬಾಗಿಲಲ್ಲಿ ನಿಂತು, ಧೈರ್ಯಸ್ಥೆ, ಎಂದು ಹೆಮ್ಮೆಪಟ್ಟೆ.

"ವಿನಯಾ, ನಿಲ್ಲು" ಎಂದಳು ಅಮ್ಮ. "ಕಲ್ಲು ಬೀಳದ್ದನ್ನು ಮಗುವಿಗೆ ಕೊಡುವುದಾ? ನಾನು ಬಿಡುವುದಿಲ್ಲ."

ಚಮಚ ಗಾಳಿಯಲ್ಲಿ ನಿಂತಿತು. ವಿನಯಾ ನನ್ನ ಮುಖ ನೋಡಿದಳು. ಒಂದು ಮಾತು ಹೇಳಿ ನಿಮ್ಮ ಅಮ್ಮನಿಗೆ, ಎನ್ನುವ ನೋಟ ಅದು. ಗಂಡನಾದವನಿಗೆಲ್ಲ ಪರಿಚಯವಿರುವಂಥದ್ದು. ನಾನು ಮಾಡಬೇಕಾದದ್ದನ್ನೇ ಮಾಡಿದೆ. ಅಂದರೆ, ಇಬ್ಬರಿಗೂ ಕಾಣದಂತೆ ಅಲ್ಲಿಂದ ನನ್ನ ಕೋಣೆಗೆ ಜಾರಿದೆ. ಫ್ಯಾನು ಹಾಕಿದೆ. ಮೇಜಿನ ಮೇಲಿನ ಕಾಗದಗಳ ಮೂಲೆ ಪಟಪಟ ಎಂದಿತು. ಹಾರಲಿಲ್ಲ. ಯಾಕೆ ಹಾರಲಿಲ್ಲ ಎಂದು ನೋಡಿದರೆ, ಮೇಲೆ ಕಲ್ಲು.

ಕಲ್ಲು ಹಿಡಿದು ಹೋದಾಗ ಯಾರೂ ನನ್ನನ್ನು ಹೊಗಳಲಿಲ್ಲ. "ಕಳ್ಳ ಮನೆಯೊಳಗೇ ಇದ್ದ" ಎಂದಳು ಅಮ್ಮ. ವಿನಯಾ ಚಮಚದ್ದನ್ನು ಲೋಟಕ್ಕೆ ಹಿಂದಕ್ಕೆ ಹಾಕಿ, ಕಲ್ಲನ್ನು ಗ್ಯಾಸಿನ ಉರಿಗಿಟ್ಟಳು. ಬೆಣಚುಕಲ್ಲು ಕೆಂಪಾಗಲು ಸಮಯ ಬೇಕು. ಮಾವ ಸೂರ್ಯ ಬಂದನೇ ಎಂದು ಕಿಟಕಿಯತ್ತ, ಮತ್ತೆ ಕಲ್ಲಿನತ್ತ ನೋಡುತ್ತಿದ್ದ. ಚಾವಡಿಯಲ್ಲಿ ಬಿಚ್ಚಿಟ್ಟ ಕೊಡೆಯಿಂದ ನೀರಿಳಿದು ಹೊಳೆಯಾಗಿತ್ತು. ಅದನ್ನು ಜಗಲಿಗೆ ಇಡಲು ನಾನು ಎತ್ತಿಕೊಂಡು ಹೋದೆ.

ಹೊರಗೆ ಬೂದಿ ಬಣ್ಣದ ಬೆಳಕು ಬಂದಿತ್ತು. ಕೊಡೆಯ ಕಪ್ಪು ಬಟ್ಟೆಗೆ ಒಂದು ಎಲೆ ಅಂಟಿಕೊಂಡಿತ್ತು. ಅಗಲವಾಗಿ, ಎಣ್ಣೆ ಸವರಿದ ಹಾಗೆ ಮಿನುಗುತ್ತಿತ್ತು, ತೊಟ್ಟಿನಿಂದಲೇ ಮೂರು ನರ ಬಿಚ್ಚಿಕೊಂಡಿದ್ದವು. ಪಾಲೆಯ ಎಲೆ ಹೀಗಿಲ್ಲ. ಅದು ಉದ್ದ, ಒಂದೇ ಗಂಟಿನಿಂದ ಏಳೆಲೆ ಸುತ್ತಲೂ ಹರಡಿ ಅಂಗೈ ಬಿಚ್ಚಿದ ಹಾಗೆ ಇರುತ್ತದೆ. ನಾನು ಎಲೆಯನ್ನು ಬಿಡಿಸಿ ತೆಗೆದೆ. ಗಾಳಿ ಮಳೆಗೆ ಯಾವ ಮರದ್ದೋ ಬಂದಿರಬಹುದು, ಎಂದುಕೊಂಡೆ. ಮಳೆಗೆ ತೊಳೆದುಹೋದ ಹಾಲಿನ ನಂತರ ಇದು ಕಾರಣ ನಂಬರ್ ಎರಡು. ಬಿಸಾಡಲಿಕ್ಕೆ ಕೈ ಎತ್ತಿದೆ ಕೂಡ. ಆದರೆ ಬಿಸಾಡಲಿಲ್ಲ. ಕಲ್ಲು ಕಾಯುತ್ತಿತ್ತು, ನನಗೆ ಬೇರೆ ಕೆಲಸವಿರಲಿಲ್ಲ, ಅಷ್ಟೇ ಇರಬೇಕು. ಎಲೆಯನ್ನು ಒಳಗೆ ತಂದು ಮಾವನ ಮುಂದೆ ಹಿಡಿದೆ.

"ಮಾವ, ಇದು ಯಾವುದರ ಎಲೆ?"

ಅವನು ಗ್ಯಾಸಿನತ್ತಲೇ ಕಣ್ಣಿಟ್ಟು, ಎಲೆಯ ಮೇಲೊಮ್ಮೆ ದೃಷ್ಟಿ ಹಾಯಿಸಿ, "ಕಾಯೆರ್. ಕಾಸರಕನ ಎಲೆ, ಅಷ್ಟೂ ಗೊತ್ತಿಲ್ವಾ ನಿಂಗೆ?" ಎಂದ.

ಕಾಸರಕ ವಿಷದ ಮರ. ಅದರ ಬೀಜ, ತೊಗಟೆ, ಎಲ್ಲ ವಿಷ. ಆಟಿ ಅಮಾವಾಸ್ಯೆಯ ಕತ್ತಲಲ್ಲಿ ಪಾಲೆಯೆಂದು ಅದನ್ನು ಕೆತ್ತಿ ತಂದು ಕುಡಿದು ಜೀವ ಕಳೆದುಕೊಂಡವರ ಕಥೆಯನ್ನು ನಾವೆಲ್ಲ ಕೇಳಿ ಬೆಳೆದವರು. ಆದರೆ ಅಂಥದ್ದು ಆಗುವುದು ಯಾವಾಗಲೂ ಬೇರೆಯವರಿಗೆ, ಮರ ಗೊತ್ತಿಲ್ಲದವರಿಗೆ.

"ಎಲ್ಲಿತ್ತು ಅದು?" ಎಂದು ಮಾವ ಕೇಳಿದ. ಈಗ ಪೂರ್ತಿ ನನ್ನತ್ತ ತಿರುಗಿದ್ದ.

"ಕೊಡೆಯಲ್ಲಿ."

ಕಲ್ಲು ಕಾದು ಚಟ್ ಎಂದಿತು. ಅಮ್ಮ ಹೋಗಿ ಗ್ಯಾಸ್ ನಂದಿಸಿದಳು. ವಿನಯಾ ಚಿನ್ನುವನ್ನು ಕುರ್ಚಿಯಿಂದ ಎತ್ತಿಕೊಂಡು, ಮೇಜಿನಿಂದ ಆದಷ್ಟು ದೂರ, ದೇವರ ಕೋಣೆಯ ಬಾಗಿಲಲ್ಲಿ ಹೋಗಿ ನಿಂತಳು. ಮಾವ ಬಾಯಿ ಮುಕ್ಕಳಿಸಿದ. ಮತ್ತೆ ಮತ್ತೆ ಮುಕ್ಕಳಿಸಿದ. ಹೊಟ್ಟೆಗೆ ಹೋಗಿಲ್ಲ, ನಾಲಿಗೆಯ ತುದಿಗೆ ಮುಟ್ಟಿಸಿದ್ದಷ್ಟೇ ಎಂದು ಅವನು ಹೇಳಿದರೂ ಫಳ್ನೀರಿನ ಆಸ್ಪತ್ರೆಗೆ ಹೋಗಿ ತೋರಿಸುವ ತನಕ ಅಮ್ಮ ಬಿಡಲಿಲ್ಲ. ಏನೂ ಆಗಿಲ್ಲ ಎಂದು ವೈದ್ಯರು ಹೇಳಿ, ಜೊತೆಗೆ ಬೇರೆ ಕೆಲವು ಮಾತುಗಳನ್ನೂ ಹೇಳಿ ಕಳಿಸಿದರು. ಅವನ್ನಿಲ್ಲಿ ಬರೆಯುವುದಿಲ್ಲ.

ಬರುವಾಗ ಮಾವ, "ಒಮ್ಮೆ ಆ ಜಾಗಕ್ಕೆ ಹೋಗಿ ಬರುವ" ಎಂದ. ಮಳೆ ನಿಂತಿರಲಿಲ್ಲ. ಹಗಲು ಬೆಳಕಿನಲ್ಲಿ ನೋಡಿದರೆ ಎಲ್ಲವೂ ಸರಳ. ಗೋಡೆಯ ಪಕ್ಕದ ಮೊದಲನೆಯ ಮರ ಈ ಮಳೆಗಾಲದ ಗಾಳಿಗೆ ಬುಡಮೇಲಾಗಿ ಬಿದ್ದಿತ್ತು. ಯಾರೋ ಕಡಿದು ಸಾಗಿಸಿದ್ದರು, ಗುಂಡಿಯಲ್ಲಿ ಕೆಂಪುನೀರು. ಹಾಗಾಗಿ ಎರಡನೆಯದು ಮೊದಲನೆಯದಾಗಿತ್ತು. ನಮ್ಮ ಪಾಲೆ ಎರಡನೆಯದಾಗಿತ್ತು. ವರ್ಷಗಟ್ಟಲೆ ನಾಲ್ಕನೆಯದಾಗಿ ಯಾರ ಗಮನಕ್ಕೂ ಬಾರದೆ ನಿಂತಿದ್ದ ಕಾಸರಕ ಮೂರನೆಯ ಮರದ ಜಾಗಕ್ಕೆ ಬಂದುಬಿಟ್ಟಿತ್ತು. ಮೊದಲು ತಲೆಯಲ್ಲಿ ಕೂತ ಅಂಕಿಯ ಸುತ್ತವೇ ಮನಸ್ಸು ಗೂಟಕ್ಕೆ ಕಟ್ಟಿದ ಹಸುವಿನ ಹಾಗೆ ಸುತ್ತುತ್ತದೆ ಎಂದು ಷೇರುಪೇಟೆಯ ಬಗ್ಗೆ ಓದಿದ್ದೆ. ಮಾವ ಮರ ನೋಡಿರಲಿಲ್ಲ. ಮೂರು ನೋಡಿದ್ದ.

ಅವನು ಕಾಸರಕನ ಮೈಯಲ್ಲಿ ತಾನೇ ಮಾಡಿದ ಗಾಯವನ್ನು ಕೈಯಿಂದ ಸವರಿದ. ಆಮೇಲೆ ಪಾಲೆಯ ಹತ್ತಿರ ಬಂದು ನೆಲದಿಂದೊಂದು ಕಲ್ಲು ಹೆಕ್ಕಿ ಮೆಲ್ಲ ಕುಟ್ಟಿದ. ಬೆಳ್ಳಗೆ ಹಾಲು ಉಕ್ಕಿ ಬಂತು. ಸುರಿಯುವ ಮಳೆಯಲ್ಲಿ ಅದು ತೊಗಟೆಯ ಮೇಲೆ ಇಳಿಯುತ್ತಲೇ ಹೋಯಿತು. ತೊಳೆದುಹೋಗಲಿಲ್ಲ.

ಇಬ್ಬರೂ ನೋಡುತ್ತ ನಿಂತೆವು. ಮಾವ ಆ ಹೊತ್ತಿಗೆ "ಗೊತ್ತುಂಟು" ಎನ್ನಲಿಲ್ಲ. ಕಣ್ಣನ್ನೂ ಮುಚ್ಚಲಿಲ್ಲ. ಪೂರ್ತಿ ತೆರೆದ ಅವನ ಕಣ್ಣು ಅಷ್ಟು ದೊಡ್ಡದೆಂದು ನಾನು ಅಂದೇ ನೋಡಿದ್ದು.

ಮನೆಗೆ ಬಂದರೆ ಅಮ್ಮ ಲೋಟಗಳನ್ನೂ ಚಮಚವನ್ನೂ ಮಿಕ್ಸಿಯ ಜಾರನ್ನೂ ಒಂದು ಚೀಲಕ್ಕೆ ಹಾಕಿ ಬಾಯಿ ಬಿಗಿದು ಕಸಕ್ಕಿಟ್ಟಿದ್ದಳು. ಐಸ್‌ಕ್ರೀಮಿನ ಖಾಲಿ ಡಬ್ಬವನ್ನೂ ತೊಳೆದು ಎತ್ತಿಡುವ ನನ್ನ ಅಮ್ಮ! "ತೊಳೆದ್ರೆ ಹೋಗ್ತದಲ್ಲ ಅತ್ತೆ?" ಎಂದು ವಿನಯಾ ಹೇಳಿದ್ದಕ್ಕೆ, "ಲೋಟದಿಂದ ಹೋಗ್ತದೆ, ಕಣ್ಣಿಂದ ಹೋಗ್ಬೇಕಲ್ಲ" ಎಂದಳಂತೆ.

ಕಣ್ಣಿನಿಂದ ಹೋಗಿಲ್ಲ. ತಿಂಗಳುಗಳು ಕಳೆದಿವೆ. ಬಸ್ಸಿನಲ್ಲಿ ಕೂತಿರುವಾಗ, ಉತ್ತರಪತ್ರಿಕೆ ತಿದ್ದುವಾಗ, ಯಾವ ಮುನ್ಸೂಚನೆಯೂ ಇಲ್ಲದೆ ಆ ಚಮಚ ಬಂದು ಗಾಳಿಯಲ್ಲಿ ನಿಲ್ಲುತ್ತದೆ. ಅದರಾಚೆ ಮೂಗು ಹಿಡಿದ ಕೈ, ಹಲ್ಲು ಬಿದ್ದ ಬಾಯಿ. ಕೆಲವು ಸಲ ನನ್ನ ಕಲ್ಪನೆಯಲ್ಲಿ ಅಮ್ಮ ಸ್ನಾನದಿಂದ ಸ್ವಲ್ಪ ತಡವಾಗಿ ಬರುತ್ತಾಳೆ. ಕೆಲವು ಸಲ ಕಲ್ಲು ಭರಣಿಯ ಹಿಂದೆಯೇ, ಇರಬೇಕಾದಲ್ಲೇ ಇರುತ್ತದೆ. ಆಗ ನಾನು ಚಿನ್ನು ಎಲ್ಲಿದ್ದಾಳೆಂದು ಎದ್ದು ಹೋಗಿ ನೋಡಿ ಬರುತ್ತೇನೆ. ಅವಳು ಸಾಮಾನ್ಯವಾಗಿ ಹೋಂವರ್ಕ್ ಮಾಡದೆ ಕೂತಿರುತ್ತಾಳೆ. ಬೈಯಬೇಕೆಂದು ತೋರುವುದಿಲ್ಲ. ಅಪ್ಪನಿಗೆ ಏನೋ ಆಗಿದೆಯೆಂದು ಅವಳಿಗೂ ಗೊತ್ತಾಗಿ, ಆ ಅನುಕೂಲವನ್ನು ಸರಿಯಾಗಿ ಬಳಸಿಕೊಳ್ಳುತ್ತಿದ್ದಾಳೆ.

ಆ ದಿನದ ಗಂಜಿಯ ಬಗ್ಗೆ ಹೇಳಲೇಬೇಕು. ಮಧ್ಯಾಹ್ನದ ಹತ್ತಿರ ಹತ್ತಿರ ಎಲ್ಲರೂ ಕೂತೆವು. ಕಷಾಯವಿಲ್ಲದೆ ಮೆಂತೆಗಂಜಿ ಉಂಡ ಮೊದಲ ವರ್ಷ ಅದು. ತೆಂಗಿನಹಾಲು, ಬೆಲ್ಲ, ಬೆಂದು ಮೆತ್ತಗಾದ ಮೆಂತೆಯ ಆ ಸಣ್ಣ ಕಹಿ. ಮಾವ ಎರಡನೆಯ ಸಲ ಹಾಕಿಸಿಕೊಂಡ. ತಟ್ಟೆ ನೋಡುತ್ತ, "ಅಕ್ಕ, ಬರುವ ವರ್ಷದಿಂದ ನಾನು ತರುವುದಿಲ್ಲ" ಎಂದ.

"ಯಾಕೆ? ನೀನೇ ತರ್ಬೇಕು" ಎಂದಳು ಅಮ್ಮ. "ಒಮ್ಮೆ ತಪ್ಪಿದವನಷ್ಟು ಜಾಗ್ರತೆ ಯಾರಿಗೂ ಇರುವುದಿಲ್ಲ. ಆದ್ರೆ ಕೆತ್ತೆಯೊಟ್ಟಿಗೆ ಇನ್ನು ಎಲೆಯೂ ಬರ್ಬೇಕು. ಏಳೆಲೆ ಇರುವ ಒಂದು ಗೆಲ್ಲು. ಅದನ್ನು ದೀಪದ ಬುಡದಲ್ಲಿಟ್ಟು ನೋಡಿಯೇ ಅರೆಯುವುದು. ಇದು ಈ ಮನೆಯ ಕ್ರಮ."

"ಹೊಸ ಕ್ರಮವಾ?" ಎಂದು ವಿನಯಾ ನಕ್ಕಳು. "ಆಟಿಯಲ್ಲಿ ಹೊಸತು ಮಾಡ್ಬಾರ್ದಲ್ಲ ಅತ್ತೆ?"

"ನಿನ್ನ ಸೀರೆಯ ಹಾಗೆ. ಆಟಿ ಕಳೆದ ಮೇಲೆ ಹೇಳಿದ್ದು ಅಂತ ತಿಳ್ಕೋ."

ವಿನಯಾ ಗಂಜಿ ನೆತ್ತಿಗೇರಿಸಿಕೊಂಡಳು. ಎಲ್ಲರೂ ನಕ್ಕೆವು, ಮಾವನೂ.

ಮಾವನ ಆ ಷೇರು? ಮಾರಿಲ್ಲ. ಅಷ್ಟು ಸುಲಭವಾಗಿ ಮನುಷ್ಯರು ಬದಲಾಗುವ ಹಾಗಿದ್ದರೆ ನನ್ನಂಥವರಿಗೆ ಕೆಲಸವೇ ಇರುತ್ತಿರಲಿಲ್ಲ. ಒಂದೇ ವ್ಯತ್ಯಾಸ: "ಕೊಂಡ ರೇಟಿಗೆ ಬರ್ಲಿ" ಎಂದಾದ ಮೇಲೆ ಈಗ ಸ್ವಲ್ಪ ಹೊತ್ತು ಬಿಟ್ಟು, "ನಿಂಗೆ ಹೇಗೆ ಕಾಣ್ತದೆ?" ಎಂದು ಕೇಳುತ್ತಾನೆ. ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತಾನೆ ಕೂಡ.

ನನ್ನ ಪ್ರಬಂಧವೂ ಮುಗಿಯಿತು. ಇತ್ತೀಚಿನ ಸಂಶೋಧಕರು ಮೊಬೈಲಿನಲ್ಲಿ ಬೆರಳಾಡಿಸಿ ಷೇರು ಕೊಳ್ಳುವವರ ಅವಸರದ ಬಗ್ಗೆ, ಹತ್ತು ಜನ ಹೋದತ್ತ ಹೋಗುವವರ ಬಗ್ಗೆ ಬರೆಯುತ್ತಿದ್ದಾರೆ. ಅವರಲ್ಲೇ ಕೆಲವರು ಇನ್ನೊಂದು ಪ್ರಶ್ನೆ ಎತ್ತಿದ್ದಾರೆ: ನಾವು ದೋಷ ಎಂದು ಕರೆಯುವ ಎಲ್ಲವೂ ದೋಷವೇ? ಏನೂ ಖಚಿತವಿಲ್ಲದ ಜಗತ್ತಿನಲ್ಲಿ ಒಂದು ಮೊಂಡು ಅಭ್ಯಾಸವೂ ಬುದ್ಧಿಯಷ್ಟೇ ಕೆಲಸ ಮಾಡುವುದಿಲ್ಲವೇ? ಮೊದಲು ಈ ಭಾಗವನ್ನು ಒಂದು ಸಾಲಿನಲ್ಲಿ ಮುಗಿಸಿದ್ದೆ. ಆಟಿ ಕಳೆದ ಮೇಲೆ ಮತ್ತೆ ಕೂತು ಒಂದು ಪುಟ ಮಾಡಿದೆ. ಉದಾಹರಣೆ ಕೊಡಿ ಎಂದು ಗೋಷ್ಠಿಯಲ್ಲಿ ಯಾರೋ ಕೇಳಿದರು. ಬಾಯಿಗೆ ಬಂದದ್ದನ್ನು ನುಂಗಿ, ಬಂಗಾರದ ಬಗ್ಗೆ ಏನೋ ಹೇಳಿದೆ. ಅಮ್ಮನ ಹಟದಿಂದ ನಾವು ಬದುಕಿದೆವೆಂದು ಹೇಳಿದರೆ, ಹಟವಿರುವ ಎಲ್ಲ ಅಮ್ಮಂದಿರೂ ಸರಿಯೆಂದಾಗುತ್ತದೆ. ಅದೂ ನಿಜವಲ್ಲ. ಆ ಹಟ ಇಲ್ಲದಿದ್ದರೆ ಈ ಕಷಾಯವನ್ನೇ ಬಿಟ್ಟು ಹಾಯಾಗಿ ಕಾಫಿ ಕುಡಿಯುತ್ತಿದ್ದೆವು. ಆದರೂ.

ಗೋಷ್ಠಿಯಿಂದ ಬಂದ ಸಂಜೆ ಕಾಗದಗಳನ್ನೆಲ್ಲ ಕಟ್ಟಿ ಕಪಾಟಿಗೆ ಸೇರಿಸಿ, ಕಲ್ಲನ್ನು ತೊಳೆದು ಒರಸಿ ಅಮ್ಮನಿಗೆ ಕೊಡಲು ಹೋದೆ. ಅವಳು ಅಡುಗೆಮನೆಯಲ್ಲಿ ಬಸಳೆ ಸೋಸುತ್ತಿದ್ದಳು.

"ಇಕೊ ನಿನ್ನ ಕಲ್ಲು. ಭರಣಿಯ ಹಿಂದೆ ಇಡ್ಲಾ?"

ಅವಳು ತಲೆಯೆತ್ತಿ ಕಲ್ಲನ್ನು ನೋಡಿದಳು. ಮತ್ತೆ ಬಸಳೆಗೆ ತಿರುಗಿದಳು.

"ಬೇಡ. ನಿನ್ನಲ್ಲೇ ಇರ್ಲಿ" ಎಂದಳು. "ಬೇಗ ಸಿಗುವ ಜಾಗದಲ್ಲಿ ಮಾತ್ರ ಇಡ್ಬೇಡ."